5/9 ಎಷ್ಟನೇ ಸಾಲಿನಲ್ಲಿದೆ?

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೊನ್ನೆಗೂ ಒಂದಕ್ಕೂ ನಡುವಿನ ಎಲ್ಲ ದಶಮಾಂಶಗಳನ್ನು ಸಾಲಾಗಿ ಪಟ್ಟಿ ಮಾಡಲು ಆಗುವುದಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಆಗುತ್ತದೆ ಎನ್ನುತ್ತೀರಿ ನೀವು, ಮಾಡಿಯೂ ತೋರಿಸಿದ್ದೀರಿ. ಎಣಿಕೆಯ ಸಂಖ್ಯೆಯನ್ನು ತಿರುವಿ ಬಿಂದುವಿನ ಮುಂದೆ ಬರೆಯುವುದು: 1ಕ್ಕೆ 0.1, 10ಕ್ಕೆ 0.01, 123ಕ್ಕೆ 0.321. ಉಪಾಯ ನಿಜಕ್ಕೂ ಚೆನ್ನಾಗಿದೆ. ಯಾವುದೂ ಎರಡು ಸಲ ಬರುವುದಿಲ್ಲ.

ಆದರೆ 1/3 ಎಲ್ಲಿದೆ? ಅದು 0.333..., ಕೊನೆಯೇ ಇಲ್ಲ. 3ನೇ ಸಾಲಿನಲ್ಲಿ 0.3 ಇದೆ, 33ನೇ ಸಾಲಿನಲ್ಲಿ 0.33. ಹತ್ತಿರ ಹತ್ತಿರ ಬರುತ್ತದೆ, ಅಷ್ಟೇ. "ಪಟ್ಟಿ ಮುಗಿಯುವುದೇ ಇಲ್ಲವಲ್ಲ, ಮುಂದೆಲ್ಲೋ ಸಿಗುತ್ತದೆ" ಎಂದಿದ್ದೀರಿ. ನಮ್ಮಿಬ್ಬರ ತಕರಾರು ಇರುವುದೇ ಇಲ್ಲಿ. ಪಟ್ಟಿಗೆ ಕೊನೆ ಇಲ್ಲದಿದ್ದರೂ ಅದರಲ್ಲಿರುವ ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಬೇಕೇಬೇಕು, ಅಲ್ವಾ? ಎಷ್ಟೇ ದೊಡ್ಡ ಕ್ರಮಸಂಖ್ಯೆಯಾದರೂ ಅದರ ಅಂಕಿಗಳು ಎಲ್ಲೋ ಒಂದು ಕಡೆ ಮುಗಿಯುತ್ತವೆ. ಮೂರುಗಳೇ ಮುಗಿಯದೆ ಸಾಗುವ ಸಾಲು ಅಂತ ಒಂದಿಲ್ಲ.

ಹಾಗಂತ ಭಿನ್ನರಾಶಿಗಳನ್ನು ಪಟ್ಟಿ ಮಾಡಲು ಆಗದು ಅಂತಲ್ಲ. ಅಂಶ, ಛೇದ ಕೂಡಿಸಿ, ಮೊತ್ತ ಕಡಿಮೆ ಇರುವುದನ್ನು ಮೊದಲು ಬರೆಯಿರಿ: 1/2, 1/3, 1/4, 2/3, 1/5... ಇಲ್ಲಿ 1/3 ಎರಡನೆಯದೇ.

ಎಲ್ಲ ದಶಮಾಂಶಗಳನ್ನೂ ಹೀಗೆ ಹಿಡಿಯಲು ಆಗುವುದಿಲ್ಲ. ಜರ್ಮನಿಯ ಹಾಲೆ ಊರಿನಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಕ್ಯಾಂಟರ್ 1874ರಲ್ಲೇ ಇದನ್ನು ಸಾಧಿಸಿದ್ದರು. 1891ರಲ್ಲಿ ಇನ್ನೂ ಸುಲಭದ ದಾರಿ ತೋರಿಸಿದರು. ಆ ದಾರಿ ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯಿರಿ. ಅಂಕಿ 5 ಇದ್ದರೆ 6 ಬರೆಯಿರಿ, ಬೇರೆ ಏನಿದ್ದರೂ 5.

ನಿಮ್ಮ ಪಟ್ಟಿಯ ಮೇಲೇ ಮಾಡಿ ನೋಡಿದೆ. 0.1000...ರ ಮೊದಲ ಅಂಕಿ 1. 0.2000...ರ ಎರಡನೆಯದು 0. ಅಲ್ಲಿಂದ ಕೆಳಗೆ ಬರೀ ಸೊನ್ನೆಗಳು. ಹಾಗಾಗಿ ಸಿಕ್ಕಿದ್ದು 0.5555..., ಅಂದರೆ 5/9. ನಿಮ್ಮ ಯಾವ ಸಾಲಿಗೆ ಹೋಲಿಸಿದರೂ ಒಂದು ಅಂಕಿಯಾದರೂ ಬೇರೆ. (0.4999... ಮತ್ತು 0.5 ಎರಡೂ ಒಂದೇ ಸಂಖ್ಯೆ. ಆ ಗೊಂದಲ ತಪ್ಪಿಸಲೆಂದೇ 9, 0 ಬಿಟ್ಟು 5, 6 ಹಿಡಿದೆ.) ನಿಮ್ಮ ಪಟ್ಟಿ ಅಂತಲ್ಲ, ಯಾರು ಯಾವ ಪಟ್ಟಿ ತಂದರೂ ಇದೇ ಲೆಕ್ಕ ನಡೆಯುತ್ತದೆ.

"ಬಿಟ್ಟುಹೋದದ್ದನ್ನು ಮೇಲೆ ಸೇರಿಸಿದರಾಯ್ತು" ಎಂದೂ ಬರೆದಿದ್ದೀರಿ. ಸೇರಿಸಿದೆ. ಈಗ 0.6555... ಹೊರಗೆ ಉಳಿಯಿತು. ಅದನ್ನೂ ಮೇಲಿಟ್ಟೆ. 0.56555... ಹೊರಗೆ ಉಳಿಯಿತು.