ಮೊದಲು ಮಕ್ಕಳನ್ನೇ ಕೇಳಿ

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಟರ್ನೆಟ್ ಸುರಕ್ಷತೆಯ ಬಗ್ಗೆ ಕಾಲೇಜಿನ ಮಕ್ಕಳಿಂದ ಪೋಸ್ಟರ್ ಮಾಡಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದಿರಿ, ಲೈಕ್ ಒತ್ತಿದವರು ಮಾತ್ರ ಬರೀ ಮೇಷ್ಟ್ರುಗಳು. ‘ಈ ಹುಡುಗರಿಗೆ ಇದೆಲ್ಲ ಬೇಡವೇ?’ ಎಂದು ನೊಂದು ಕೇಳಿದ್ದೀರಿ.

ಬೇಕು. ಆದರೆ ಆ ಪೋಸ್ಟರಿನ ಮಾತು ನಮ್ಮದು, ಅವರದಲ್ಲ. ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಅನ್ನುವುದನ್ನು ಅವರು ಕೇಳಿ ಕೇಳಿ ಸಾಕಾಗಿದ್ದಾರೆ. ಪ್ರೀತಿಸಿದವರೇ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅಂತ ಪಾಸ್‌ವರ್ಡ್ ಕೇಳಿದರೆ ಏನು ಹೇಳಬೇಕು? ಅದನ್ನು ನಾವು ಹೇಳಿಕೊಟ್ಟಿಲ್ಲ. ಅದು ಅವರ ವಯಸ್ಸಿನವರಿಗೇ ಚೆನ್ನಾಗಿ ಗೊತ್ತು.

ಹಾಗಾಗಿ ಮೊದಲು ಅವರ ಜೊತೆ ಕೂತು ಕೇಳಿ. ಹೋದ ತಿಂಗಳು ಯಾವ ವಿಚಿತ್ರ ಮೆಸೇಜ್ ಬಂತು? ಗೆಳೆಯನ ಅಕೌಂಟಿನಿಂದಲೇ ‘ನಿನ್ನ ಫೋನಿಗೆ ಬಂದ ಕೋಡ್ ಕಳಿಸು’ ಅಂತ ಯಾರಾದರೂ ಕೇಳಿದರಾ? ಬೈಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಕೂಡ ಡಿಜಿಟಲ್ ಜಗತ್ತಿನ ಬಗ್ಗೆ 2021ರಲ್ಲಿ ಮಾರ್ಗಸೂಚಿ ಹೊರಡಿಸುವ ಮುಂಚೆ ಹಲವು ದೇಶಗಳ 700ಕ್ಕೂ ಹೆಚ್ಚು ಮಕ್ಕಳ ಮಾತು ಕೇಳಿತ್ತು. ನಿಮ್ಮ ಮಕ್ಕಳು ಹೇಳಿದ ಮಾತಿನಿಂದ ಅವರೇ ಅರ್ಧ ನಿಮಿಷದ ರೀಲ್ ಮಾಡಲಿ. ಭಾಷೆ ತಿದ್ದಲು ಹೋಗಬೇಡಿ. ಆದರೆ ಸ್ಕ್ರೀನ್‌ಶಾಟಿನಲ್ಲಿ ಯಾರ ಹೆಸರೂ, ಮುಖವೂ ಕಾಣಬಾರದು. ಮೋಸ ಹೋದ ಮಗುವನ್ನೇ ಕ್ಯಾಮೆರಾ ಮುಂದೆ ಕೂರಿಸುವುದಂತೂ ಬೇಡವೇ ಬೇಡ. ಆ ವಿಡಿಯೊ ಎಷ್ಟು ವರ್ಷ, ಎಲ್ಲೆಲ್ಲಿ ಓಡಾಡುತ್ತದೋ ಯಾರಿಗೆ ಗೊತ್ತು?

ನನಗೆ ಜಾಸ್ತಿ ಆತಂಕ ಇರುವುದು ಇದರ ಮುಂದಿನ ಹಂತದ ಬಗ್ಗೆ. ರೀಲ್ ಚೆನ್ನಾಗಿ ಓಡಿತು ಅಂದುಕೊಳ್ಳಿ. ರಾತ್ರಿ 11 ಗಂಟೆಗೆ ಒಬ್ಬಳು ಇನ್‌ಬಾಕ್ಸಿಗೆ ಬರೆಯುತ್ತಾಳೆ: ‘ನನ್ನ ಫೋಟೊ ಇಟ್ಕೊಂಡು ಒಬ್ಬ ಹೆದರಿಸ್ತಿದ್ದಾನೆ, ದುಡ್ಡು ಕೇಳ್ತಿದ್ದಾನೆ.’ ಅದನ್ನು ಓದುವವನು ನಿಮ್ಮ 17 ವರ್ಷದ ವಿದ್ಯಾರ್ಥಿ. ಆ ಭಾರ ಅವನೊಬ್ಬನೇ ಹೊರಬಾರದು, ಅಲ್ವಾ? ರೀಲ್ ಹಾಕುವ ಮುಂಚೆಯೇ ಇಬ್ಬರು ದೊಡ್ಡವರು ಹೆಸರು ಕೊಟ್ಟು ನಿಲ್ಲಬೇಕು. ಅಂಥ ಮೆಸೇಜ್ ಬಂದರೆ ಯಾವ ಹೊತ್ತಿನಲ್ಲಾದರೂ ಅವರಿಗೆ ಫೋನ್ ಮಾಡು ಅಂತ ಮಕ್ಕಳಿಗೆ ಹೇಳಿ.

ಅವಳಿಗೆ ಏನು ಹೇಳಬೇಕು ಅನ್ನುವುದೂ ಮಕ್ಕಳಿಗೆ ಗೊತ್ತಿರಲಿ. ‘ತಪ್ಪು ನಿನ್ನದಲ್ಲ’ ಅನ್ನುವುದು ಮೊದಲ ಮಾತು. ದುಡ್ಡು ಕೊಡಬಾರದು, ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಆಮೇಲೆ ರಿಪೋರ್ಟ್, ಬ್ಲಾಕ್. ಆ ಫೋಟೊ ಬೆತ್ತಲೆಯದಾಗಿದ್ದು, 18 ತುಂಬುವ ಮುಂಚಿನದಾದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ, 2023ರಲ್ಲಿ ಶುರುವಾದದ್ದು. ಫೋಟೊ ಯಾರಿಗೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಅವಳ ಫೋನಿನಲ್ಲೇ ತಯಾರಾಗಿ, ಅದಷ್ಟೇ ಹೋಗುತ್ತದೆ. ಈ ಸೇವೆಗೆ ಸೇರಿದ ಕಂಪನಿಗಳು ಆ ಗುರುತು ಹಿಡಿದು ಫೋಟೊ ಹುಡುಕಿ ತೆಗೆಯುತ್ತವೆ. ಈ ವಿಷಯ ಎಷ್ಟೋ ಮಕ್ಕಳಿಗೆ ತಿಳಿದೇ ಇಲ್ಲ. ನನ್ನನ್ನು ಕೇಳಿದರೆ, ನಿಮ್ಮ ಮೊದಲ ರೀಲ್ ಇದರ ಬಗ್ಗೆಯೇ ಇರಲಿ.

ಫೆಬ್ರವರಿಯಲ್ಲಿ ಬರುವ ‘ಸುರಕ್ಷಿತ ಇಂಟರ್ನೆಟ್ ದಿನ’ಕ್ಕೆ ಮಾಡೋಣವೇ ಎಂದು ಕೇಳಿದ್ದೀರಿ. ಅಲ್ಲಿಯವರೆಗೆ ಕಾಯಬೇಡಿ. ಈ ವಾರವೇ ಮಕ್ಕಳ ಜೊತೆ ಕೂತುಕೊಳ್ಳಿ. ಅವರು ಒಪ್ಪಿದರೆ, ಹೆಸರಿಲ್ಲದೆ, ಅವರು ಹೇಳಿದ್ದನ್ನು ನನಗೆ ಬರೆದು ಕಳಿಸಿ. ಪತ್ರಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ