ಒಹಾಯೋದ ಸೈಕಲ್ ದಾರಿ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜು ಬಂದು ನಾಲ್ಕು ದಿನ ಆಯಿತು, ಉತ್ತರ ತಡವಾಯಿತು, ಬೇಜಾರು ಮಾಡಬೇಡ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಡೇಟನ್‌ಗೆ ಎಂ.ಎಸ್. ಓದಲು ಬರುವವ ಫೀಸು, ಬಾಡಿಗೆ, ಅಕ್ಕಿ ಕೇಳುತ್ತಾನೆ, ಅದು ಸರಿ. ಆದರೆ ಕಡೆಗೆ ಒಂದು ಸಾಲು ಹಾಕಿದ್ದೀಯಲ್ಲ, "ಅಣ್ಣ, ಅಲ್ಲಿ ಕಾಡು, ಜೌಗಿನ ನಡುವೆ ಡಾಮರು ಹಾಕಿದ ಸೈಕಲ್ ದಾರಿ ಉಂಟಂತೆ, ಒಬ್ಬನೇ ಹೋಗಬಹುದಾ, ಎಂಥ ಸೈಕಲ್ ತೆಗೊಳ್ಳೋದು" ಅಂತ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 2004ರ ಆಗಸ್ಟಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ನನಗೆ ಇಂಥ ದಾರಿ ಉಂಟು ಅಂತಲೇ ಗೊತ್ತಿರಲಿಲ್ಲ.

ಬೇರೆಯದ್ದು ಬೇಗ ಮುಗಿಸುತ್ತೇನೆ. ಅಕ್ಕಿ ಸಿಗುತ್ತದೆ. ಕುಚ್ಚಲಕ್ಕಿ ಬೇಕಾದರೆ ಮಲಯಾಳಿಗಳು ತರುವ ಮಟ್ಟ ಅಕ್ಕಿ ನೋಡು, ಗಂಜಿಗೆ ಆಗುತ್ತದೆ. ಓದುವಾಗ ಕೆಲಸ ಅಂದರೆ ಕ್ಯಾಂಪಸ್ಸಿನ ಒಳಗೆ, ವಾರಕ್ಕೆ 20 ಗಂಟೆ, ಅಷ್ಟೇ. ಯಾರಾದರೂ ಪೆಟ್ರೋಲ್ ಬಂಕಿನಲ್ಲಿ ಕೈಗೆ ಕಾಸು ಕೊಡುತ್ತೇವೆ ಅಂದರೆ ಆ ಕಡೆ ಹೋಗಬೇಡ. ಕಾರು ಎರಡನೇ ವರ್ಷಕ್ಕೆ. ಸ್ವೆಟರ್ ಊರಿಂದ ತರಬೇಡ, ಅದು ಇಲ್ಲಿಯ ಚಳಿಗೆ ಸಾಲದು.

ಇನ್ನು ದಾರಿಯ ವಿಷಯ. ನಿಜ ಮಾರಾಯ, ಉಂಟು. ಡೇಟನ್ ಸುತ್ತಮುತ್ತ 300 ಮೈಲಿಗೂ ಜಾಸ್ತಿ ಉಂಟು. ನಾನು ಹೆಚ್ಚು ತುಳಿದದ್ದು ಲಿಟಲ್ ಮಯಾಮಿ ದಾರಿ. ಸ್ಪ್ರಿಂಗ್‌ಫೀಲ್ಡ್‌ನಿಂದ ಸಿನ್ಸಿನಾಟಿಯ ಹತ್ತಿರದವರೆಗೆ 78 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 125 ಕಿಲೋಮೀಟರ್. ಲಿಟಲ್ ಮಯಾಮಿ ಅನ್ನುವುದು ಇಲ್ಲಿಯ ನದಿಯ ಹೆಸರು, ಸಮುದ್ರ ತೀರದ ಆ ಮಯಾಮಿ ಅಲ್ಲ. ನಾನು ಮೊದಲು ಹಾಗೇ ತಿಳಿದು ಅಮ್ಮನಿಗೆ ಫೋನಿನಲ್ಲಿ ಬೊಗಳೆ ಬಿಟ್ಟಿದ್ದೆ. ಇದು ಹಳೆಯ ರೈಲು ದಾರಿ. ರೈಲು ನಿಂತುಹೋಯಿತು, ಹಳಿ ಕಿತ್ತರು, ಅದರ ಮೇಲೆ ಡಾಮರು ಹಾಕಿದರು. ಕುಂಬಳೆಯ ಹಳಿ ಕಿತ್ತು ಸೈಕಲ್ ಬಿಟ್ಟರೆ ಹೇಗೋ ಹಾಗೆ. ನಮ್ಮಲ್ಲಿ ಹಾಗಾಗುವುದು ಬೇಡ, ಬೆಳಗಿನ ಪ್ಯಾಸೆಂಜರ್ ಇಲ್ಲದಿದ್ದರೆ ಮಕ್ಕಳು ಮಂಗಳೂರಿನ ಕಾಲೇಜಿಗೆ ಹೋಗುವುದು ಹೇಗೆ? ಆದರೆ ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲವಲ್ಲ, ಹಾಗಾಗಿ ದಾರಿ ಉದ್ದಕ್ಕೂ ಹೆಚ್ಚುಕಡಿಮೆ ಸಮ. ನಮ್ಮ ಗುಡ್ಡೆ ಏರಿ ಅಭ್ಯಾಸ ಇರುವ ಕಾಲಿಗೆ ಇದು ಏನೂ ಅಲ್ಲ.

ಝೀನಿಯಾ ಅಂತ ಒಂದು ಊರು ಉಂಟು, ಅಲ್ಲಿ ನಾಲ್ಕೈದು ದಾರಿ ಸೇರುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಹೋಗು. ಸ್ಪ್ರಿಂಗ್ ವ್ಯಾಲಿ ದಾಟಿದ ಮೇಲೆ ಪಕ್ಕದಲ್ಲೇ ದೊಡ್ಡ ಜೌಗು ಸಿಗುತ್ತದೆ. ಜೊಂಡು ಹುಲ್ಲು, ಒಣಗಿ ನಿಂತ ಮರ, ಎದೆಯೆತ್ತರದ ಬೂದು ಕೊಕ್ಕರೆ. ಮಾರ್ಚ್ ಕಡೆಯಲ್ಲಿ, ಇನ್ನೂ ಎಲೆ ಚಿಗುರುವ ಮೊದಲೇ, ಹೆಬ್ಬೆರಳ ತುದಿಯಷ್ಟು ಚಿಕ್ಕ ಕಪ್ಪೆಗಳು ಕೂಗಲು ಶುರು ಮಾಡುತ್ತವೆ. ನಮ್ಮ ಬೈಲಿನ ಕಪ್ಪೆಯ ಹಾಗೆ ವಟವಟ ಅಲ್ಲ, ದೂರದಲ್ಲಿ ಯಾರೋ ಗೆಜ್ಜೆಯ ಗಂಟು ಕುಲುಕಿದ ಹಾಗೆ. ಜೂನ್ ಹೊತ್ತಿಗೆ ದೊಡ್ಡ ಆಮೆಗಳು ದಾರಿಯ ಅಂಚಿಗೆ ಮೊಟ್ಟೆ ಇಡಲು ಬರುತ್ತವೆ. ಮುಟ್ಟಲು ಹೋಗಬೇಡ, ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾನ ಹಾಗೆ ನೈವೇದ್ಯ ತಿಂದು ಸುಮ್ಮನಿರುವ ಜಾತಿ ಅಲ್ಲ ಅದು, ಬೆರಳು ಹೋದೀತು. 2022ರಲ್ಲಿ ಬಬಿಯಾ ಸತ್ತ ಸುದ್ದಿ ಓದಿದ ದಿನ ನಾನು ಇದೇ ಜೌಗಿನ ಪಕ್ಕದ ಬೆಂಚಿನಲ್ಲಿ ತುಂಬ ಹೊತ್ತು ಕೂತಿದ್ದೆ. ಇಲ್ಲಿ ಯಾರಿಗೆ ಹೇಳುವುದು, ನಮ್ಮ ಕೆರೆಯ ಮೊಸಳೆ ಹೋಯಿತು ಅಂತ?

ಹೆದರಬೇಕಾದದ್ದು ಕಾಡುಪ್ರಾಣಿಗಲ್ಲ. ಒಂದು ಉಣುಗು. ಹುಲ್ಲಿಗೆ ಇಳಿದರೆ ಮನೆಗೆ ಬಂದು ಕಾಲು, ಕಂಕುಳು ನೋಡಿಕೋ. ಮಂಗನ ಕಾಯಿಲೆ ಕೇಳಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಇಲ್ಲಿ ಅದು ತರುವ ಕಾಯಿಲೆಗೆ ಲೈಮ್ ಅಂತ ಹೆಸರು. ಇನ್ನೊಂದು ಪಾಯ್ಸನ್ ಐವಿ ಅನ್ನುವ ಬಳ್ಳಿ. ಮೂರು ಎಲೆ ಒಟ್ಟಿಗೆ ಇರುತ್ತದೆ, ಮುಟ್ಟಿದರೆ ಮೈಯೆಲ್ಲ ಗುಳ್ಳೆ. ಅದು ನಮ್ಮ ಗೇರಿನ ಕುಟುಂಬದ್ದೇ. ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಾಗಿ ಕೈ ಸುಲಿದವರು, ಚೇರೆ ಮರದ ಕೆಳಗೆ ನಿಂತು ಮುಖ ಊದಿಸಿಕೊಂಡವರು ನಾವು, ನಮಗೆ ಅದೇನು ಹೊಸತಲ್ಲ. ಒಳ್ಳೆಯ ನೆಂಟನೂ ಉಂಟು. ಪಾಪಾ ಅಂತ ಒಂದು ಕಾಡುಹಣ್ಣು, ಸೀತಾಫಲದ ಕುಟುಂಬದ್ದು, ಸೆಪ್ಟೆಂಬರಿನಲ್ಲಿ ಹೊಳೆಬದಿಯಲ್ಲಿ ಹಣ್ಣಾಗುತ್ತದೆ. ಮಾವು, ಬಾಳೆ ಎರಡನ್ನೂ ಕಿವುಚಿದ ಹಾಗೆ ರುಚಿ. ಮೊದಲ ಸಲ ತಿಂದಾಗ ಕಣ್ಣು ಒದ್ದೆಯಾಯಿತು ಅಂದರೆ ನಗಬೇಡ.

ಸೈಕಲ್ ಹಳೆಯದೇ ಸಾಕು. ರೇಸಿನವರ ಸಪೂರ ಟಯರ್ ಬೇಡ, ತೀರಾ ದಪ್ಪದ್ದೂ ಬೇಡ, ಮಧ್ಯದ್ದು ತೆಗೆ. ಮರದ ಬೇರು ಡಾಮರನ್ನು ಅಲ್ಲಲ್ಲಿ ಎತ್ತಿರುತ್ತದೆ. ಬಲಗೈಯ ಬ್ರೇಕು ಹಿಂದಿನ ಚಕ್ರಕ್ಕೆ ಅನ್ನುವುದು ನೆನಪಿರಲಿ. ಡಿಸೆಂಬರಿನಲ್ಲಿ ಸಂಜೆ ಐದೂಕಾಲಿಗೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಒಂಬತ್ತಕ್ಕೆ. ಲೈಟು ಹಾಕಿಸು. ಹೆಲ್ಮೆಟ್ ಹಾಕು. ಬೆಲ್ ಹಾಕಿಸು, ಇದನ್ನು ಮಾತ್ರ ಮರೆಯಬೇಡ. ಹಾಂ, ರೈಟ್ ಸಹೋದರರು ವಿಮಾನ ಮಾಡುವ ಮೊದಲು ಸೈಕಲ್ ಅಂಗಡಿ ಇಟ್ಟಿದ್ದು ಇದೇ ಡೇಟನ್‌ನಲ್ಲಿ, 1892ರಲ್ಲಿ. ಅವರ ಒಂದು ಅಂಗಡಿ ಇನ್ನೂ ಉಂಟು, ನೋಡಿಕೊಂಡು ಬಾ.

ಬೆಲ್ ಯಾಕೆ ಅಂದೆ ಅಂದರೆ, ನನ್ನ ಮೊದಲ ಸೈಕಲಿಗೆ ಬೆಲ್ ಇರಲಿಲ್ಲ.

ನಾನು ಕಲಿತದ್ದು ನೀರ್ಚಾಲಿನಲ್ಲಿ, ಬಾಡಿಗೆ ಸೈಕಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ. ನಮ್ಮಲ್ಲಿ ಮುಂದೆ ಒಬ್ಬ ಅಜ್ಜ ನಡೆಯುತ್ತಿದ್ದರೆ ಎರಡು ಸಲ ಟ್ರಿಂಗ್ ಮಾಡುತ್ತೇವೆ, ಅವರು ಬದಿಗೆ ಸರಿದು, "ಯಾರ ಮಗ ನೀನು, ಎಲ್ಲಿಗೆ ಸವಾರಿ" ಅಂತ ಕೇಳುತ್ತಾರೆ, ನಾವು ಇಳಿದು ಉತ್ತರ ಹೇಳಿಯೇ ಮುಂದೆ ಹೋಗಬೇಕು. ಇಲ್ಲಿ ಬಲಕ್ಕೆ ಹೋಗಬೇಕು, ಮುಂದಿನವರನ್ನು ಎಡದಿಂದ ದಾಟಬೇಕು, ದಾಟುವ ಮೊದಲು "ಆನ್ ಯುವರ್ ಲೆಫ್ಟ್" ಅಂತ ಕೂಗಬೇಕು. ಮನೆಯಲ್ಲಿ ಕನ್ನಡ, ಬೈಲಿನಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಜವಳಿ ಅಂಗಡಿಯಲ್ಲಿ ಕೊಂಕಣಿ ಅಂತ ಬೆಳೆದವ ನಾನು, ಭಾಷೆಗೆ ಹೆದರುವವನಲ್ಲ ಅಂತ ಜಂಬ ಬೇರೆ ಇತ್ತು. ಆದರೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ಬಾಯಿಗೆ ಈ ಮೂರು ಶಬ್ದ ಬರಲಿಲ್ಲ. ಹಿರಿಯರ ಬೆನ್ನ ಹಿಂದಿನಿಂದ ಕಿರುಚುವುದು ಮರ್ಯಾದೆ ಅಲ್ಲ ಅಂತಲೂ ಅನಿಸುತ್ತಿತ್ತು. ಹಾಗಾಗಿ ಸದ್ದಿಲ್ಲದೆ ದಾಟಿಹೋಗುವುದು ಅಭ್ಯಾಸ ಮಾಡಿಕೊಂಡೆ.

2005ರ ಏಪ್ರಿಲ್, ಒಂದು ಭಾನುವಾರ. ಅದೇ ಜೌಗಿನ ಹತ್ತಿರ. ಮುಂದೆ ಒಬ್ಬ ಅಜ್ಜ ನಿಧಾನ ತುಳಿಯುತ್ತಿದ್ದರು, ಎಪ್ಪತ್ತು ದಾಟಿರಬಹುದು, ಕೆಂಪು ಟೊಪ್ಪಿ. ನಾನು ಸುಮ್ನೆ ಎಡದಿಂದ ನುಗ್ಗಿದೆ. ಅದೇ ಹೊತ್ತಿಗೆ ಅವರು ನೀರಿನಲ್ಲಿ ಏನೋ ಕಂಡು ಎಡಕ್ಕೆ ವಾಲಿದರು. ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿತು. ನಾನು ಬೀಳಲಿಲ್ಲ, ಅವರು ಬಿದ್ದರು. ಅಂಗೈ ಸುಲಿದು ರಕ್ತ, ಇನ್ನೊಂದು ಕೈಯಿಂದ ಮಣಿಕಟ್ಟು ಒತ್ತಿ ಹಿಡಿದಿದ್ದರು. ಎತ್ತಿ ಬೆಂಚಿನಲ್ಲಿ ಕೂರಿಸಿದೆ. ಅವರು ಬೈಯಲಿಲ್ಲ. "ನೀನು ಬಾಯಿಬಿಟ್ಟು ಹೇಳಬೇಕಿತ್ತು ಮಗಾ" ಅನ್ನುವ ಅರ್ಥದಲ್ಲಿ ಏನೋ ಅಂದರು, ಅಷ್ಟೇ. ಆಮೇಲೆ ನೀರು ಉಂಟಾ ಅಂತ ಕೇಳಿದರು.

ನನ್ನ ಬಾಟಲಿ ಖಾಲಿ. ಕಾರಿನಲ್ಲಿ ಉಂಟು, ತರುತ್ತೇನೆ ಅಂದೆ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ನಡೆದುಕೊಂಡು ಬಂದವರು ಅವರ ಹತ್ತಿರ ನಿಂತರು. ನಾನು ಹೊರಟೆ. ಕಾರಿನವರೆಗೆ ಬಂದೆ, ನೀರು ಇತ್ತು. ಆಗ ರೂಮಿನವರು ಹೇಳಿದ ಕಥೆಗಳೆಲ್ಲ ತಲೆಗೆ ಬಂದವು, ವಕೀಲ, ಕೋರ್ಟು, ಆಸ್ಪತ್ರೆಯ ಬಿಲ್ಲು, ವೀಸಾ. ಬಂದು ಎಂಟು ತಿಂಗಳು, ಊರಿನಲ್ಲಿ ತಂಗಿಯ ಮದುವೆಯ ಸಾಲ. ಸೈಕಲ್ ಹಿಂದೆ ಕಟ್ಟಿದೆ, ಕಾರು ಸ್ಟಾರ್ಟ್ ಮಾಡಿದೆ, ಮನೆಗೆ ಹೋದೆ.

ನಮ್ಮಲ್ಲಿ ಅಂಗಳಕ್ಕೆ ಯಾರೇ ಬರಲಿ, ಗುರುತು ಇಲ್ಲದ ಮಾರುವವನೇ ಬರಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಇದನ್ನು ನಿನಗೆ ನಾನು ಹೇಳಬೇಕಾ? ಅಷ್ಟು ವರ್ಷ ಅದನ್ನು ನೋಡಿ ಬೆಳೆದವ ಒಬ್ಬ ಗಾಯಗೊಂಡ ಅಜ್ಜನಿಗೆ ನೀರು ತರುತ್ತೇನೆ ಅಂತ ಹೇಳಿ ಓಡಿಹೋದೆ. ಆಮೇಲೆ ಎಷ್ಟೋ ಭಾನುವಾರ ಅದೇ ಹೊತ್ತಿಗೆ ಅದೇ ಬೆಂಚಿಗೆ ಹೋದೆ. ಕೆಂಪು ಟೊಪ್ಪಿಯವರು ಸುಮಾರು ಜನ ಸಿಕ್ಕಿದರು, ಅವರು ಸಿಗಲಿಲ್ಲ. ಹೆಂಡತಿಗೆ ಹೇಳಿದ್ದು ಆರು ವರ್ಷದ ಮೇಲೆ. ಊರಿಗೆ ಹೋದಾಗ ಒಮ್ಮೆ ಅಡಿಕೆ ಸುಲಿಯುತ್ತಾ ಕೂತಿದ್ದ ಅಮ್ಮನಿಗೂ ಹೇಳಿದೆ. ಬೈಯುತ್ತಾರೆ ಅಂತ ಕಾದೆ. ಅಮ್ಮ ಕೈ ನಿಲ್ಲಿಸದೆ, "ಮತ್ತೆ ಅವರಿಗೆ ನೀರು ಕೊಟ್ಟದ್ದು ಯಾರು?" ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಈಗ ನನ್ನ ಸೈಕಲಿನಲ್ಲಿ ಎರಡು ಬಾಟಲಿ ಇರುತ್ತದೆ. ಬೆಲ್ ಹೊಡೆಯುತ್ತೇನೆ, ಕೂಗುತ್ತೇನೆ, ಕೆಲವರು ಲೆಫ್ಟ್ ಅಂದದ್ದನ್ನು ಕೇಳಿ ಎಡಕ್ಕೇ ಸರಿದುಬಿಡುತ್ತಾರೆ, ಅದಕ್ಕೆ ವೇಗ ಇಳಿಸಿಯೇ ದಾಟುತ್ತೇನೆ. ನಿನಗೂ ವೀಸಾದ ಹೆದರಿಕೆ ಬರುತ್ತದೆ, ಬರಲಿ. ಯಾರಾದರೂ ಬಿದ್ದರೆ ನಿಲ್ಲು, ಇಲ್ಲಿಯ ತುರ್ತು ನಂಬರು 911ಕ್ಕೆ ಫೋನ್ ಮಾಡು, ಹೆಸರು ನಂಬರು ಕೊಡು. ರೂಮಿನವರ ಕಥೆ ಕೇಳಬೇಡ.

ಒಬ್ಬನೇ ಹೋಗಬಹುದಾ ಅಂತ ಕೇಳಿದ್ದಿ. ಹೋಗಬಹುದು. ಆದರೆ ಮೊದಲ ಸಲ ನನ್ನೊಟ್ಟಿಗೆ ಬಾ. ಆಗಸ್ಟಿನಲ್ಲಿ ಬರುವವನಾದರೆ ಪಾಪಾ ಹಣ್ಣಿಗೆ ಸರಿಯಾಗಿ ತಲುಪುತ್ತಿ. ಗ್ಯಾರೇಜಿನಲ್ಲಿ ಇನ್ನೊಂದು ಸೈಕಲ್ ಉಂಟು, ಮಗ ಕಾಲೇಜಿಗೆ ಹೋದ ಮೇಲೆ ಯಾರೂ ಮುಟ್ಟಿಲ್ಲ, ಟ್ಯೂಬ್ ಹೊಸತು ಹಾಕಿಸುತ್ತೇನೆ. ಅವನು ಆರಡಿ, ಸೀಟು ಮೇಲೆ ಉಂಟು. ನಿನ್ನ ಎತ್ತರ ಎಷ್ಟು ಅಂತ ಬರೆ.