ಕಾಮಿಕ್‌ನ ಚೌಕಗಳೇ ಸ್ಟೋರಿಬೋರ್ಡ್ ಆಗುತ್ತಾ?
ರೋಬೋ ಕಥೆಯ ಕಾಮಿಕ್‌ನ ಚೌಕಗಳನ್ನೇ ಅನಿಮೇಷನ್ ಸರಣಿಗೆ ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಚಿತ್ರಗಳಲ್ಲಿ ಜೋಡಿಸಿಟ್ಟ ನಕ್ಷೆ) ಮಾಡಬಹುದಾ ಅಂತ ಕೇಳಿದ್ದೀರಿ. ಶುರುವಿಗೆ ಸರಿ, ಅಷ್ಟೇ ಸಾಲದು. ಪುಟದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಓದುಗರ ಕೈಲಿರುತ್ತೆ. ಪರದೆ ಮೇಲೆ ಅದನ್ನು ನೀವೇ ತೀರ್ಮಾನಿಸಬೇಕು. ಒಂದು ಚೌಕದಲ್ಲಿ ಬಾಗಿಲು ತೆರೆಯಿತು, ಮುಂದಿನದರಲ್ಲಿ ಹೆಣ ಕಂಡಿತು ಅಂದ್ರೆ, ನಡುವಿನ ನಡಿಗೆ, ಸದ್ದು, ಮೌನ ಎಲ್ಲ ಹೊಸದಾಗಿ ಕಟ್ಟಬೇಕು.

ನನಗೆ ಭಯ ಇರೋದು ಆ ರೋಬೋ ಬಗ್ಗೆ. ಅಷ್ಟೊಂದು ವೈರು, ನಟ್ಟು! ಪರದೆ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ಬಿಡಿ ಚಿತ್ರ, ಓಡುತ್ತೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಸಲ ಅದನ್ನು ಬಿಡಿಸಬೇಕು. ಗೆರೆ ಕಡಿಮೆ ಮಾಡಿ, ಇಲ್ಲಾಂದ್ರೆ ಅದೊಂದನ್ನು ತ್ರೀಡಿಯಲ್ಲಿ ಮಾಡಿಸಿ. 2002ರ ಜಪಾನಿ ಅನಿಮೇಷನ್ ಸರಣಿ ‘ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ನಲ್ಲಿ ಟಚಿಕೋಮಾ ಅನ್ನೋ ರೋಬೋ ಟ್ಯಾಂಕ್‌ಗಳಿಗೆ ಇದೇ ತ್ರೀಡಿ ದಾರಿ ಹಿಡಿದಿದ್ದರು. ಅಂದಹಾಗೆ, ಆ ಸರಣಿಯೂ ತನ್ನ ಮೂಲ ಮಂಗಾವನ್ನು (ಜಪಾನಿ ಕಾಮಿಕ್) ಚೌಕ ಚೌಕವಾಗಿ ಒಪ್ಪಿಸಲಿಲ್ಲ. ಪಾತ್ರಗಳನ್ನು ಇಟ್ಟುಕೊಂಡು ತನ್ನದೇ ಕಥೆ ಹೆಣೆಯಿತು.